ನಮ್ಮ ವೈನಿಗೆ (ಅಣ್ಣನ ಹೆಂಡತಿಗೆ), ಮತ್ತು ನಿಮಗೆಲ್ಲ

ನಿನ್ನೆ ಹುಬ್ಬಳ್ಳಿಯಲ್ಲಿ 6 ತಿಂಗಳ ನಂತರದ ಸಿ.ಟಿ. ಆಂಜಿಯೋಗ್ರಾಂ (ರಕ್ತನಾಳದ ಸ್ಕ್ಯಾನ್) ಆಯ್ತು. ಕರುಳಿಗೆ ರಕ್ತ ಒಯ್ಯುವ ಸುಪೀರಿಯರ್ ಮೆಸೆಂಟೆರಿಕ್ ಆರ್ಟರಿಯ ಸೀಳು ಬೆಳೆದಿಲ್ಲ, ರಕ್ತ ಚೆನ್ನಾಗಿ ಹರಿಯುತ್ತಿದೆ ಅಂದರು ಡಾಕ್ಟರು. ನಾಳ ತೆರೆದಿಡುವ ಸ್ಟೆಂಟ್ ಬೇಕಾಗಲಿಲ್ಲ. ಬಿಪಿ ಗುಳಿಗೆ, ಆಸ್ಪಿರಿನ್ ಮುಂದುವರಿಯುತ್ತವೆ.

6 ತಿಂಗಳ ಹಿಂದೆ ಈ ನಾಳ ಸೀಳಿ, ಹೊಟ್ಟೆನೋವಿನಿಂದ ಆಸ್ಪತ್ರೆ ಸೇರಿದ್ದು ನಿಮಗೆಲ್ಲ ಗೊತ್ತೇ ಇದೆ. ಒಂದೇ ಮಾತು ಹೇಳ್ತೇನೆ. ಪೆಟ್ಟು ಬೀಳದೇ ನಾಳದ ಒಳಪದರ ತಾನಾಗಿಯೇ ಸೀಳುವುದು ಅಪರೂಪ. ಅದಕ್ಕೇ ಗ್ಯಾಸ್ ಅಂದುಕೊಂಡು ಎರಡು ದಿನ ಕಳೆದವು. ಸಾದಾ ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣಲಿಲ್ಲ. ಗುಳಿಗೆಗೆ ಬಗ್ಗದ ಹೊಟ್ಟೆನೋವು ದಿಢೀರನೆ ಬಂದರೆ ದಯವಿಟ್ಟು ಸುಮ್ನೆ ಕೂರಬೇಡಿ.

ಗದಗಿನಿಂದ ರಾತ್ರೋರಾತ್ರಿ ಕಾರು ಓಡಿಸಿದ ಗೆಳೆಯ, ಅಂಗಡಿ ನಡೆಸಿದ ಹುಡುಗರು, ಕೇಳದೇ ದುಡ್ಡು ಕಳಿಸಿದ ಓಣಿಯವರು, ವಾರ್ಡಿನ ನರ್ಸ್‌ಗಳು, ನಿಮ್ಮ ಋಣ ದೊಡ್ಡದು.

ವೈನಿಯ ಬಗ್ಗೆ ಮಾತ್ರ ಜಾಸ್ತಿ ಬರೆಯಬೇಕು.

ಆಸ್ಪತ್ರೆಯಲ್ಲಿ ಎರಡನೇ ರಾತ್ರಿ ನೋವು ಮತ್ತೆ ಏರಿತು. ಕರುಳಿಗೆ ರಕ್ತ ಕಡಿಮೆಯಾದರೆ ಸ್ಟೆಂಟ್, ಇಲ್ಲವೇ ಆಪರೇಷನ್ ಅಂದಿದ್ದರು. ಅಲ್ಲಿಯವರೆಗೆ ಸಲಾಯಿನ್, ರಕ್ತ ತೆಳು ಮಾಡುವ ಔಷಧ ಅಷ್ಟೇ. ಬಾಯಿಗೆ ಹನಿ ನೀರೂ ಹಾಕುವಂತಿಲ್ಲ. ವೈನಿ ಹತ್ತಿ ಅದ್ದಿ, ಹಿಂಡಿ, ತುಟಿಗೆ ಸವರುತ್ತಿದ್ದರು. ನರ್ಸ್ ಅಷ್ಟಕ್ಕೇ ಒಪ್ಪಿದ್ದರು. ನಾನು ಆ ಹತ್ತಿಯನ್ನೇ ಕಚ್ಚಿ ಹೀರಿದೆ. ದವಡೆ ಹಿಡಿದು ಮೆಲ್ಲಗೆ ಬಿಡಿಸಿಕೊಂಡರು.

"ಒಂದು ಗುಟುಕು ಕೊಡ್ರಿ ವೈನಿ" ಅಂತ ಅತ್ತುಬಿಟ್ಟೆ.

"ಬ್ಯಾಡಪಾ, ಮುಂಜಾನಿ ಆಗ್ಲಿ."

"ನಮ್ಮವ್ವ ಇದ್ದಿದ್ರ ಕೊಡ್ತಿದ್ಲು" ಅಂದುಬಿಟ್ಟೆ.

ಅವ್ವ ಹೋದಾಗ ನನಗೆ 9 ವರ್ಷ. ಅವತ್ತಿನಿಂದ ನನಗೆ ರೊಟ್ಟಿ ಬಡಿದು ಹಾಕಿದವರು ಇದೇ ವೈನಿ.

ಅವರು ಏನೂ ಅನ್ನಲಿಲ್ಲ. ಬಟ್ಟಲಲ್ಲಿ ಹತ್ತಿ ಅದ್ದಿದರು, ಹಿಂಡಿದರು, ಮತ್ತೆ ತುಟಿಗೆ ಇಟ್ಟರು. ಬೆಳಗಿನವರೆಗೂ ಹಾಗೇ. ಆ ರಾತ್ರಿ ಅವರೂ ನೀರು ಕುಡಿದಿರಲಿಲ್ಲವಂತೆ. ಪಕ್ಕದ ಬೆಡ್‌ನವರ ಹೆಂಡತಿ ಆಮೇಲೆ ಹೇಳಿದರು.

ಮುಂಜಾನೆ ನೋವು ಇಳಿಯಿತು. 5ನೇ ದಿನ ಮೊದಲ ಚಮಚ ಗಂಜಿ ಕುಡಿಸಿದವರೂ ಅವರೇ. ಅವತ್ತು ಹೇಳಬೇಕಿತ್ತು, ಹೇಳಲಿಲ್ಲ. ಈ 6 ತಿಂಗಳಲ್ಲಿ ಎಷ್ಟೋ ಸಲ ಅಡುಗೆಮನೆ ಬಾಗಿಲ ತನಕ ಹೋಗಿ ವಾಪಸ್ ಬಂದಿದ್ದೇನೆ.

ಅವರ ಹತ್ತಿರ ಫೋನ್ ಇಲ್ಲ. ಇದನ್ನು ಓದಿ ಕೇಳಿಸು ಅಂತ ಅಣ್ಣನ ಮೊಮ್ಮಗಳಿಗೆ ಹೇಳಿದ್ದೇನೆ. ನಿಧಾನಕ್ಕೆ ಓದವ್ವಾ, ಅವರಿಗೆ ಎಡಗಿವಿ ಮಂದ.

ವೈನಿ, ಅವತ್ತಿನ ಮಾತು ತಪ್ಪಾತ್ರಿ.