ಸೇವ್ ಬಟನ್ ಇಲ್ಲದ ಆಟಗಳು

ಎಲ್ಲರಿಗೂ ನಮಸ್ಕಾರ. ರಾಜ್ಯೋತ್ಸವದ ಸಂಚಿಕೆ ಅಂದ ಮೇಲೆ ಸಂಪಾದಕೀಯ ಭಾಷೆ, ಸಂಸ್ಕೃತಿ ಬಗ್ಗೆಯೇ ಇರ್ಬೇಕು ಅಂತ ಸಮಿತಿಯಲ್ಲಿ ಕೆಲವು ಹಿರಿಯರು ಹೇಳಿದ್ರು, ಅದು ಒಳಗಿನ ಪುಟಗಳಲ್ಲಿ ಧಾರಾಳ ಉಂಟು, ಖಂಡಿತ ಓದಿ. ನಾನು ಈ ಸಲ ಬರೆಯುವುದು ವಿಡಿಯೋ ಗೇಮ್ ಬಗ್ಗೆ. ಯಾಕಂದ್ರೆ ಇಲ್ಲಿ ಗಲ್ಫಿನಲ್ಲಿರುವ ನಲವತ್ತರ ಆಸುಪಾಸಿನ ಮಂಗಳೂರು, ಉಡುಪಿ ಕಡೆಯವರು ನಾಲ್ಕು ಜನ ಸೇರಿದ್ರೆ ಊರಿನ ಮಳೆ, ಮೀನಿನ ರೇಟು, ಯಕ್ಷಗಾನ ಎಲ್ಲ ಮುಗಿದ ಮೇಲೆ ಮಾತು ಬಂದು ನಿಲ್ಲುವುದು ಮಾರಿಯೋ, ಕಾಂಟ್ರಾ, ಟ್ಯಾಂಕ್ ಗೇಮಿನಲ್ಲೇ, ಮತ್ತೆ ಅದರಲ್ಲಿ ಗೆದ್ದ ಕತೆ ಯಾರೂ ಹೇಳುವುದಿಲ್ಲ, ಎಲ್ಲರೂ ಹೇಳುವುದು ಆ ಆಟ ಕೊಟ್ಟ ಉಪದ್ರದ ಕತೆ.

ಟಿವಿಗೆ ಜೋಡಿಸಿ ಆ ಆಟ ಆಡುವ ಮೆಷಿನ್ ನಮ್ಮ ಮನೆಗಳಿಗೆ ಬಂದದ್ದೇ ನಾವೀಗ ಕೂತಿರುವ ಈ ಗಲ್ಫಿನಿಂದ. ಬಜಪೆಯಿಂದ ದುಬೈಗೆ ನೇರ ವಿಮಾನ ಶುರುವಾದದ್ದು 2006ರಲ್ಲಿ, ಅದಕ್ಕಿಂತ ಮುಂಚೆ ಮಾವಂದಿರು, ಚಿಕ್ಕಪ್ಪಂದಿರು ಬೊಂಬಾಯಿಯಲ್ಲಿ ಇಳಿದು, ಬಸ್ಸಿನ ಟಾಪಿಗೆ ಪೆಟ್ಟಿಗೆ ಕಟ್ಟಿಸಿ, ರಾತ್ರಿಯಿಡೀ ಕೂತು ಊರಿಗೆ ಬರ್ತಿದ್ರು. ಹಗ್ಗ ಬಿಚ್ಚಿದ್ರೆ ಟ್ಯಾಂಗ್, ಟೈಗರ್ ಬಾಮ್, ಸೆಂಟಿನ ಬಾಟ್ಲಿ, ಸೀರೆ, ಎಲ್ಲದರ ಅಡಿಯಲ್ಲಿ ಟವೆಲಲ್ಲಿ ಸುತ್ತಿದ ಗೇಮ್. ನಿಂಟೆಂಡೊ ಕಂಪನಿಯ ಅಸಲಿ ಮೆಷಿನ್ ಕಂಡವರು ನಮ್ಮಲ್ಲಿ ಕಮ್ಮಿ, ಅದು ಫ್ಯಾಮಿಕಾಮ್ ಅಂತ ಜಪಾನಲ್ಲಿ 1983ರ ಜುಲೈಯಲ್ಲಿ ಬಂದದ್ದು, ನಮಗೆ ಸಿಕ್ಕಿದ್ದು ಅದರ ನಕಲು, ಆದ್ರೆ ಒಳಗೆ ಓಡುವ ಆಟ ಅದೇ. ಗಲ್ಫಿನಲ್ಲಿ ಯಾರೂ ಇಲ್ಲದ ಮನೆಯ ಮಕ್ಕಳು ಬಸ್ ಸ್ಟ್ಯಾಂಡ್ ಹತ್ರದ ಅಂಗಡಿಯಲ್ಲಿ ಗಂಟೆ ಲೆಕ್ಕಕ್ಕೆ ದುಡ್ಡು ಕೊಟ್ಟು ಆಡ್ತಿದ್ರು, ಹಿಂದೆ ನಿಂತು ನೋಡ್ಲಿಕ್ಕೆ ದುಡ್ಡು ಬೇಡ, ಹಾಗಾಗಿ ಆಡುವವ ಒಬ್ಬ ಆದ್ರೆ ಹೇಳಿಕೊಡುವವರು ಹತ್ತು ಜನ.

ಕ್ಯಾಸೆಟ್, ಅಂದ್ರೆ ಆಟದ ಚಿಪ್ಪು ಇರುವ ಪ್ಲಾಸ್ಟಿಕ್ ಡಬ್ಬಿ, ಮೆಷಿನಿಗೆ ಹಾಕಿದ ಕೂಡ್ಲೇ ಗೇಮ್ ಬಂತು ಅಂತ ಇಲ್ಲವೇ ಇಲ್ಲ. ಬರೀ ಬಿಳಿ ಸ್ಕ್ರೀನ್, ಇಲ್ಲದಿದ್ರೆ ಚೌಕ ಚೌಕ ಗೀಟು. ತೆಗಿ, ಊದು, ಮತ್ತೆ ಹಾಕು. ಉಡುಪಿಯಲ್ಲೂ ಊದಿದ್ದೇ, ಅಮೆರಿಕದಲ್ಲೂ ಊದಿದ್ದೇ, ಯಾರೂ ಯಾರಿಗೂ ಕಲಿಸದೆ! ನಿಜವಾಗಿ ಊದಿದ್ರಿಂದ ಏನೂ ಉಪಕಾರ ಇರಲಿಲ್ಲ, ತೆಗೆದು ಹಾಕುವಾಗ ಅದರ ಪಿನ್ನು, ಅಂದ್ರೆ ಲೋಹದ ಸಣ್ಣ ಪಟ್ಟಿ, ಸರಿ ತಾಗ್ತಿತ್ತು ಅಷ್ಟೆ, ಬಾಯಿಯ ಪಸೆಗೆ ಪಿನ್ನು ಹಾಳಾಗುವುದೇ ಹೆಚ್ಚು, ಊದಬೇಡಿ ಅಂತ ನಿಂಟೆಂಡೊದವರೇ ಹೇಳಿದ್ದಾರೆ. ಆ ಕ್ಯಾಸೆಟ್ಟಿಗೆ 60 ಪಿನ್, ಈಚೆ 30 ಆಚೆ 30. ನಮ್ಮ ಕಡಲ ಬದಿಯ ಉಪ್ಪು ಗಾಳಿಗೆ, ಮಳೆಗಾಲದ ತಂಡಿಗೆ ಅದು ಕಪ್ಪಾಗದೆ ಇರ್ತದಾ? ಅಣ್ಣ ಪೆನ್ಸಿಲ್ ರಬ್ಬರನ್ನು ಬ್ಲೇಡಲ್ಲಿ ತೆಳ್ಳಗೆ ಕೊಯ್ದು, ಕ್ಯಾಸೆಟ್ಟಿನ ಬಾಯಿಯೊಳಗೆ ಹಾಕಿ ಒಂದೊಂದೇ ಪಟ್ಟಿ ಉಜ್ಜುತ್ತಿದ್ದ, ಮಡಿಲಲ್ಲಿ ಹರಡಿದ ಪೇಪರಿನ ಮೇಲೆ ಕಪ್ಪು ಪುಡಿ ಬೀಳ್ತಿತ್ತು, ಪಟ್ಟಿ ಮತ್ತೆ ಹಳದಿ ಹೊಳೆಯುವ ತನಕ ಅವ ಯಾರ ಮಾತಿಗೂ ಉತ್ತರ ಕೊಡ್ತಿರಲಿಲ್ಲ. ಅವ ಉಜ್ಜಿದ ಕ್ಯಾಸೆಟ್ ಹಾಕಿದ್ರೆ ಒಂದೇ ಸಲಕ್ಕೆ ಬರ್ತಿತ್ತು.

ಆದ್ರೆ ಎಲ್ಲಕ್ಕಿಂತ ದೊಡ್ಡ ಉಪದ್ರ ಅಂದ್ರೆ ಸೇವ್ ಇಲ್ಲದ್ದು, ಆಡಿದಷ್ಟನ್ನು ಉಳಿಸಿಟ್ಟು ಮತ್ತೆ ಅಲ್ಲಿಂದಲೇ ಶುರು ಮಾಡ್ಲಿಕ್ಕೆ ಆಗದ್ದು. 1985ರ ಸೂಪರ್ ಮಾರಿಯೋ ಬ್ರದರ್ಸ್ ಇಡೀ ಗೇಮ್ ಸೇರಿ 40 ಕೆಬಿ, ಈಗ ವಾಟ್ಸಾಪಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಫೋಟೋ ಅದಕ್ಕಿಂತ ದೊಡ್ಡದಿರ್ತದೆ. ಮೆಷಿನಿನ ಮೆಮೊರಿ 2 ಕೆಬಿ. ಆ ಕ್ಯಾಸೆಟ್ಟಿನ ಚಿಪ್ಪಿನಿಂದ ಓದ್ಲಿಕ್ಕೆ ಮಾತ್ರ ಆಗ್ತದೆ, ಏನನ್ನೂ ಬರೆದಿಡ್ಲಿಕ್ಕೆ ಆಗುವುದಿಲ್ಲ, ಹಾಗಾಗಿ ನೀವು ಎಷ್ಟನೇ ವರ್ಲ್ಡಲ್ಲಿ ಇದ್ದೀರಿ ಅನ್ನುವ ಲೆಕ್ಕ ಆ 2 ಕೆಬಿಯಲ್ಲಿ ಕರೆಂಟ್ ಇದ್ದಷ್ಟು ಹೊತ್ತು ಮಾತ್ರ. ಎಂಟು ವರ್ಲ್ಡ್, ಒಂದೊಂದರಲ್ಲಿ ನಾಲ್ಕು, ಒಟ್ಟು 32 ಲೆವೆಲ್, ಅದರಲ್ಲಿ 4-4 (ನಾಲ್ಕನೇ ವರ್ಲ್ಡಿನ ನಾಲ್ಕನೇ ಲೆವೆಲ್), 7-4, 8-4ರಲ್ಲಿ ದಾರಿ ತಪ್ಪಿದ್ರೆ ಅದೇ ಜಾಗ ಮತ್ತೆ ಮತ್ತೆ ಬರ್ತದೆ, ಟೈಮ್ ಮುಗೀತದೆ. ಈಗ ಜುಲೈ ತಿಂಗಳ ಮಂಗಳೂರನ್ನು ನೆನಪು ಮಾಡ್ಕೊಳ್ಳಿ. ಜೋರು ಮಳೆ ಅಂತ ಶಾಲೆಗೆ ರಜೆ, ಬೆಳಿಗ್ಗೆಯಿಂದ ಕೂತು ಏಳನೇ ವರ್ಲ್ಡಿನ ತನಕ ತಂದು ಮುಟ್ಟಿಸಿ ಆಗಿದೆ, ಎಲ್ಲಿಯೋ ಲೈನ್ ಮೇಲೆ ತೆಂಗಿನ ಮಡಲು ಬಿತ್ತು, ಟಿವಿಯ ಚಿತ್ರ ಕುಗ್ಗಿ ಒಂದು ಚುಕ್ಕೆ ಆಯ್ತು, ಹೋಯ್ತು. ಯಾರೂ ಮಾತಾಡುವುದಿಲ್ಲ. ಅಜ್ಜಿ ಒಳಗಿನಿಂದ "ಇನ್ನಾದ್ರೂ ಬನ್ನಿ ಮಕ್ಳೇ, ಗಂಜಿ ತಣೀತು" ಅಂತ ಕರೀತಾರೆ. ಕರೆಂಟ್ ಬಂದ ಮೇಲೆ 1-1ರಿಂದ ಶುರು. ಕೆಲವರು ರಾತ್ರಿ ಆಟಕ್ಕೆ ಪಾಸ್ ಹಾಕಿ, ಅಂದ್ರೆ ಇದ್ದಲ್ಲೇ ತಡೆದು ನಿಲ್ಲಿಸಿ, ಟಿವಿ ಮಾತ್ರ ಆಫ್ ಮಾಡಿ ಮಲಗ್ತಿದ್ರು, ಅಡಾಪ್ಟರ್ ಮುಟ್ಟಿದ್ರೆ ಸುಡ್ತದೆ, ಬೆಳಿಗ್ಗೆ ಗುಡಿಸ್ಲಿಕ್ಕೆ ಬಂದ ಅಮ್ಮ ಸ್ವಿಚ್ ಬಂದ್ ಮಾಡಿದ್ರೆ ಎಲ್ಲ ಕೆಲಸ ನೀರಲ್ಲಿ ಹೋಮ.

ಗೇಮ್ ಓವರ್ ಆದ ಮೇಲೆ ಎ ಬಟನ್ ಒತ್ತಿ ಹಿಡ್ಕೊಂಡು ಸ್ಟಾರ್ಟ್ ಒತ್ತಿದ್ರೆ ಸತ್ತ ವರ್ಲ್ಡಿನಿಂದಲೇ ಶುರು ಮಾಡ್ಬಹುದು ಅಂತ ನಮಗೆ ಗೊತ್ತಾದದ್ದು ಬೊಂಬಾಯಿಯ ಭಾವ ಮೇ ರಜೆಗೆ ಬಂದಾಗ. ಕಾಂಟ್ರಾದಲ್ಲಿ 30 ಲೈಫ್ ಸಿಗುವ ಕೋಡ್, ಅಂದ್ರೆ ಬಟನ್ ಒತ್ತುವ ಗುಟ್ಟಿನ ಕ್ರಮ, ಕೂಡ ಹಾಗೇ ಬಂದದ್ದು, ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ, ನೋಟ್ ಪುಸ್ತಕದ ಕೊನೇ ಪುಟದಲ್ಲಿ ಬಾಣದ ಗುರುತು ಹಾಕಿ ಬರ್ಕೊಂಡದ್ದು. ಅದನ್ನು ಮಾಡಿದವರು ಕಝುಹಿಸಾ ಹಾಶಿಮೊಟೊ ಅಂತ ಕೊನಾಮಿ ಕಂಪನಿಯ ಪ್ರೋಗ್ರಾಮರ್, ಗ್ರೇಡಿಯಸ್ ಅನ್ನುವ ಆಟವನ್ನು ಫ್ಯಾಮಿಕಾಮಿಗೆ ತರುವಾಗ ಅದು ಅವರಿಗೇ ಆಡಿ ಮುಗಿಸ್ಲಿಕ್ಕೆ ಕಷ್ಟ ಆಗಿ, ಟೆಸ್ಟ್ ಮಾಡ್ಲಿಕ್ಕೆ ಹಾಕಿದ್ದು, ಆಟದಲ್ಲಿ ಹಾಗೇ ಉಳೀತು, ಆಮೇಲೆ ಅದೇ ಕಂಪನಿಯ ಕಾಂಟ್ರಾಕ್ಕೂ ಬಂತು. ಅವರು 2020ರ ಫೆಬ್ರವರಿಯಲ್ಲಿ ತೀರಿಕೊಂಡ್ರು. ಅವರ ಆ ಹತ್ತು ಬಟನ್ನು ಇಂಟರ್ನೆಟ್ ಇಲ್ಲದ ಕಾಲದಲ್ಲಿ ಜಪಾನಿನಿಂದ ಕುಂದಾಪುರದ ತನಕ ಬಾಯಿಂದ ಬಾಯಿಗೆ ಬಂದು ಮುಟ್ಟಿದ್ದು ಅಂದ್ರೆ ನನಗೆ ಈಗಲೂ ಆಶ್ಚರ್ಯ ಆಗ್ತದೆ.

ಕಾಂಟ್ರಾದ ಮೂರನೇ ಲೆವೆಲ್ ನೆನಪುಂಟಾ, ಜಲಪಾತದ್ದು? ಇಬ್ಬರು ಆಡುವಾಗ ಒಬ್ಬ ಮೇಲೆ ಹಾರಿದ್ರೆ ಸ್ಕ್ರೀನ್ ಮೇಲೆ ಹೋಗ್ತದೆ, ಕೆಳಗೆ ಉಳಿದವ ಸಾಯ್ತಾನೆ. ಶತ್ರು ಬೇಡ, ಪಕ್ಕದಲ್ಲಿ ಕೂತ ತಮ್ಮನೇ ಸಾಕು. "ನಿಲ್ಲು ಮಾರಾಯ, ನಿಲ್ಲು, ನಾನು ಬರ್ಲಿಲ್ಲ" ಅಂತ ಕೂಗಿ ಕೂಗಿ ಕಡೆಗೆ ಇಬ್ಬರೂ ಒಟ್ಟಿಗೆ ಲೆಕ್ಕ ಹಾಕಿ ಹಾರ್ಲಿಕ್ಕೆ ಕಲ್ತದ್ದು. ಟ್ಯಾಂಕ್ ಗೇಮಿನಲ್ಲಿ ನಮ್ಮ ಗುಂಡು ನಮ್ಮವನಿಗೇ ತಾಗಿದ್ರೆ ಅವ ಸ್ವಲ್ಪ ಹೊತ್ತು ಅಲ್ಲಾಡುವ ಹಾಗಿಲ್ಲ, ಅದಕ್ಕೆ ಆದ ಜಗಳ ಒಂದೆರಡಲ್ಲ.

ನನ್ನ ಪ್ರಕಾರ ಎಲ್ಲ ಉಪದ್ರವನ್ನೂ ಹೊಗಳಬೇಕು ಅಂತ ಇಲ್ಲ. ಕ್ಯಾಸೆಟ್ಟಿನ ಮೇಲೆ "9999 ಇನ್ 1" ಅಂತ ಬರೆದು ಒಳಗೆ ಬೆರಳೆಣಿಕೆಯ ಆಟ ಹಾಕಿ, ಅದನ್ನೇ ಬೇರೆ ಬೇರೆ ಲೆವೆಲಿನಿಂದ ಶುರು ಮಾಡಿ ತೋರಿಸುವುದು ಶುದ್ಧ ಮೋಸ. ಬುಡದಲ್ಲಿ ತುಂಡಾಗುವ ಜಾಯ್‌ಸ್ಟಿಕ್ ವೈರು, ಸುಡುವ ಅಡಾಪ್ಟರ್, ಇದು ಯಾರಿಗೂ ಬೇಡ. ಆದ್ರೆ ಸೇವ್ ಇಲ್ಲದ್ದು, ಗೊತ್ತಿಲ್ಲದ್ದನ್ನು ಇನ್ನೊಬ್ಬರ ಹತ್ರ ಕೇಳಿಯೇ ತಿಳ್ಕೊಳ್ಬೇಕಾದ್ದು, ಒಂದೇ ಟಿವಿಯಲ್ಲಿ ಇಬ್ಬರು ಹೊಂದಿಕೊಳ್ಬೇಕಾದ್ದು, ಈ ಮೂರು ನಮ್ಮನ್ನು ಒಂದೇ ಚಾಪೆಯಲ್ಲಿ ಕೂರಿಸಿದ್ದು. ಈಗ ಅದೇ ಆಟ ನಿಂಟೆಂಡೊದವರ ಹೊಸ ಮೆಷಿನ್ "ಸ್ವಿಚ್"ನಲ್ಲಿ ಉಂಟು, ಎಲ್ಲಿ ಬೇಕಾದ್ರೂ ನಿಲ್ಲಿಸ್ಬಹುದು, ಸತ್ರೆ ರಿವೈಂಡ್ ಮಾಡ್ಬಹುದು. ನನ್ನ ಮಗಳು ಹಾಗೆ ಆಡಿ ಒಂದೇ ಸಂಜೆಗೆ ಮುಗಿಸಿ ಎದ್ದು ಹೋದಳು, ಯಾರನ್ನೂ ಕರೀಲಿಲ್ಲ, ಯಾರ ಹತ್ರವೂ ಕೇಳ್ಲಿಲ್ಲ. ನನಗೆ ಬೇಜಾರಾದದ್ದು ಅಲ್ಲಿ.

ಹಾಗಾಗಿ ಡಿಸೆಂಬರಿನ ಕುಟುಂಬ ಸಮ್ಮಿಲನದಲ್ಲಿ ಒಂದು ಕೋಣೆ ಇದಕ್ಕೇ ಇಡುವ ಅಂತ ಸಮಿತಿ ಒಪ್ಪಿದೆ. ಮೆಷಿನ್, ಎರಡು ಜಾಯ್‌ಸ್ಟಿಕ್, ಬಾತುಕೋಳಿ ಹೊಡೆಯುವ ಗನ್ ಊರಿನ ಅಟ್ಟದಿಂದ ಇಳಿಸಿ ತಂದದ್ದು ಉಂಟು. ಆದ್ರೆ ಆ ಗನ್ ಈಗಿನ ಎಲ್‌ಇಡಿ ಟಿವಿಯಲ್ಲಿ ನಡೆಯುವುದಿಲ್ಲ. ಟ್ರಿಗರ್ ಒತ್ತಿದ ಕೂಡ್ಲೇ ಸ್ಕ್ರೀನ್ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇರುವ ಜಾಗದಲ್ಲಿ ಬಿಳಿ ಚೌಕ ಬರ್ತದೆ, ಗನ್ನಿನ ಒಳಗಿನ ಸೆನ್ಸರ್ ಆ ಬೆಳಕು ಕಂಡ್ರೆ ಹಕ್ಕಿ ಬಿತ್ತು ಅಂತ ಲೆಕ್ಕ, ಹೊಸ ಟಿವಿಯಲ್ಲಿ ಚಿತ್ರ ಬರುವುದು ಒಂಚೂರು ತಡ, ಅಷ್ಟರಲ್ಲಿ ಎಲ್ಲ ತಪ್ಪಿ ಹೋಗ್ತದೆ, ಆಟದೊಳಗಿನ ನಾಯಿ ಎದ್ದು ನಗ್ತದೆ. ಹಳೇ ಡಬ್ಬಾ ಟಿವಿಯೇ ಬೇಕು. ಯಾರ ಸ್ಟೋರ್ ರೂಮಲ್ಲಿ ಆದ್ರೂ, ಪರಿಚಯದ ರಿಪೇರಿ ಅಂಗಡಿಯಲ್ಲಿ ಆದ್ರೂ ಒಂದು ಇದ್ರೆ ದಯವಿಟ್ಟು ಸಮಿತಿಯವರಿಗೆ ತಿಳಿಸಿ. ರಿಮೋಟ್ ಇಲ್ಲದಿದ್ರೂ ಅಡ್ಡಿಲ್ಲ, ಹಳದಿ ಪಿನ್ ಹಾಕುವ ಜಾಗ ಇದ್ರೆ ಸಾಕು, ಹೊತ್ತುಕೊಂಡು ಬರ್ಲಿಕ್ಕೆ ನಾವೇ ಜನ ಕಳಿಸ್ತೇವೆ.