ಈ ವಾರದ ಓದು: ಇದ್ದದ್ದರಲ್ಲಿ ತೃಪ್ತಿ

ಪ್ರಿಯ ಸಹೋದರ ಸಹೋದರಿಯರೇ, ಈ ವಾರ ಎಲ್ಲರೂ ಬೈಬಲಿನಲ್ಲಿ ಪೌಲನು ಫಿಲಿಪ್ಪಿ ಪಟ್ಟಣದ ಕ್ರೈಸ್ತರಿಗೆ ಬರೆದ ಪತ್ರದ 4ನೇ ಅಧ್ಯಾಯ, 10ರಿಂದ 20ನೇ ವಚನದವರೆಗೆ ಓದಿ. ‘ನನ್ನನ್ನು ಬಲಪಡಿಸುವಾತನಲ್ಲಿದ್ದುಕೊಂಡು ಎಲ್ಲಕ್ಕೂ ಶಕ್ತನಾಗಿದ್ದೇನೆ’ ಅನ್ನುವ 13ನೇ ವಚನ ನಮಗೆಲ್ಲ ಬಾಯಿಪಾಠ. ಆದರೆ 11ನ್ನು ಬಿಟ್ಟು ಅದನ್ನು ಓದಬೇಡಿ. ತೃಪ್ತನಾಗಿರುವುದನ್ನು ಕಲಿತುಕೊಂಡೆ ಅನ್ನುತ್ತಾನೆ ಪೌಲ, ಅದೂ ಸೆರೆಯಲ್ಲಿದ್ದುಕೊಂಡು. ಅಂದರೆ ಅವನಿಗೂ ಅದು ಹುಟ್ಟಿನಿಂದ ಬಂದದ್ದಲ್ಲ, ಅಲ್ವಾ? ಹಸಿದಾಗ ಮಾತ್ರವಲ್ಲ, ಹೊಟ್ಟೆ ತುಂಬಿದಾಗ ಹೇಗಿರಬೇಕೆಂದೂ ಕಲಿತನಂತೆ. ನನಗೆ ಇದೇ ಜಾಸ್ತಿ ಕಷ್ಟ. ರಾತ್ರಿ ಪ್ರಾರ್ಥನೆಯಲ್ಲಿ ಮನೆಗಾಗಿ ದೇವರಿಗೆ ಸ್ತೋತ್ರ ಹೇಳುತ್ತೇನೆ. ಐದೇ ನಿಮಿಷಕ್ಕೆ ಫೋನಿನಲ್ಲಿ ಯಾರದ್ದೋ ಹೊಸ ಮನೆ ಫೋಟೊ ನೋಡಿ, ನಮ್ಮದು ಚಿಕ್ಕದು ಅನ್ನಿಸುತ್ತದೆ.

ತೃಪ್ತಿ ಅಂದರೆ ಕಷ್ಟ ಮುಚ್ಚಿಡುವುದಲ್ಲ. ಫಿಲಿಪ್ಪಿಯವರು ಎಪಫ್ರೊದೀತ ಎಂಬವನ ಕೈಲಿ ಕಳುಹಿಸಿದ ಸಹಾಯವನ್ನು ಪೌಲನೂ ಸಂತೋಷದಿಂದ ತೆಗೆದುಕೊಂಡ. ಯಾರಿಗಾದರೂ ಅಗತ್ಯವಿದ್ದರೆ ಸಂಕೋಚಪಡದೆ ನನಗೆ ಬರೆಯಿರಿ.