ಲೆಡ್ಜರ್‌ನಿಂದ ಕೋಡ್‌ಗೆ ಬಂದು ಒಂದು ವರ್ಷ

ನಿನ್ನೆಗೆ ನಾನು ಪ್ರೋಗ್ರಾಮರ್ ಆಗಿ ಒಂದು ವರ್ಷ ತುಂಬಿತು. ಅದಕ್ಕೂ ಮುಂಚೆ 16 ವರ್ಷ ಇದೇ ಕಂಪನಿಯ ಗೋದಾಮಿನಲ್ಲಿ ಸ್ಟಾಕ್ ಲೆಕ್ಕ ಬರೆಯುತ್ತಿದ್ದೆ. ಹೊಸ ಸಾಫ್ಟ್‌ವೇರ್ ಬಂತು, ಆ ಕೆಲಸ ಹೋಯಿತು. ಮುಂದೇನು ಅಂತ ಗೊತ್ತಿಲ್ಲದೆ ನಾವು ಒಂಬತ್ತು ಜನ ಕೂತಿದ್ದೆವು. ಆಗ ಕೈ ಹಿಡಿದವರಿಗೆ ಥ್ಯಾಂಕ್ಸ್ ಹೇಳಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು.

ಮೊದಲು ನಮ್ಮ ಮ್ಯಾನೇಜರ್ ಮೇಡಂಗೆ. ಕಂಪನಿಗೆ ಪ್ರೋಗ್ರಾಮರ್‌ಗಳು ಬೇಕಿತ್ತು, ಹೊರಗೆ ಸಿಗುತ್ತಿರಲಿಲ್ಲ. "ನಮ್ಮಲ್ಲೇ ಇರುವವರಿಗೆ ಕಲಿಸೋಣ" ಅಂದವರು ಅವರು. ಕಲಿಯುವ ಎಂಟು ತಿಂಗಳೂ ಪೂರ್ತಿ ಸಂಬಳ ಕೊಡಲೇಬೇಕು ಅಂತ ಹಟ ಹಿಡಿದವರೂ ಅವರೇ. ಪುಕ್ಕಟೆ ಕೋರ್ಸ್‌ಗಳು ನೆಟ್‌ನಲ್ಲಿ ಬೇಕಾದಷ್ಟಿವೆ. ಆದರೆ ಹಗಲೆಲ್ಲ ದುಡಿದು, ಮನೆ ಕೆಲಸ ಮುಗಿಸಿ, ರಾತ್ರಿ ಹನ್ನೊಂದಕ್ಕೆ ಕೂತು ಕಲಿಯುವುದು ಎಷ್ಟು ಜನರ ಕೈಲಾಗುತ್ತದೆ? ನಾನೇ ಹಿಂದೆ ಎರಡು ಸಲ ಹಾಗೆ ಶುರು ಮಾಡಿ ಮೂರನೇ ವಾರಕ್ಕೆ ಬಿಟ್ಟಿದ್ದೆ. ನನಗೆ ಬೇಕಿದ್ದದ್ದು ಹಗಲಿನ ಹೊತ್ತು. ಅದನ್ನು ಕೊಟ್ಟಿರಿ ಮೇಡಂ.

ಪಾಠ ಮಾಡಿದ ಸರ್ ಮೊದಲ ದಿನ ಕಂಪ್ಯೂಟರನ್ನು ಆನ್ ಕೂಡ ಮಾಡಿಸಲಿಲ್ಲ, ಕಥೆ ಹೇಳಿದರು. ಅಮೆರಿಕದಲ್ಲಿ 1946ರಲ್ಲಿ ಎನಿಯಾಕ್ ಅನ್ನೋ ಆರಂಭದ ಕಾಲದ ಕಂಪ್ಯೂಟರ್ ಯಂತ್ರವನ್ನು ಜಗತ್ತಿಗೆ ತೋರಿಸಿದಾಗ ಅದಕ್ಕೆ ಪ್ರೋಗ್ರಾಂ ಮಾಡಿದ್ದು ಆರು ಹೆಂಗಸರು. ಅದಕ್ಕೂ ಮುಂಚೆ ಅವರು ಫಿರಂಗಿ ಗುಂಡು ಎಲ್ಲಿ ಬೀಳುತ್ತದೆ ಅಂತ ಲೆಕ್ಕ ಹಾಕಿ ಪಟ್ಟಿ ಮಾಡುತ್ತಿದ್ದವರು. ಕಲಿಯೋಕೆ ಕೈಪಿಡಿ ಇರಲಿಲ್ಲ, ಯಂತ್ರದ ವೈರಿಂಗ್ ನಕ್ಷೆ ನೋಡಿ ಕಲಿತರು. ನಾಸಾದ ಡೊರೊತಿ ವಾನ್ ಕೂಡ ಕೈಲೆಕ್ಕದ ವಿಭಾಗದವರೇ. ಕಂಪ್ಯೂಟರ್ ಬಂದಾಗ ತಾವು ಫೋರ್ಟ್ರಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿತು, ಜೊತೆಯವರಿಗೂ ಕಲಿಸಿದರು. "ಲೆಕ್ಕದ ಮನೆಯಿಂದ ಬಂದ ನೀವು ಈ ಕಸುಬಿಗೆ ಹೊರಗಿನವರಲ್ಲ" ಅಂದರು ಸರ್. ಬೇರೆ ಕಡೆ ಇಂಟರ್‌ವ್ಯೂಗೆ ಹೋಗಿ "ಡಿಗ್ರಿ ಎಲ್ಲಿ, ವಯಸ್ಸೆಷ್ಟು" ಅಂತ ಕೇಳಿಸಿಕೊಂಡು ವಾಪಸ್ ಬಂದಿದ್ದೆ. ಸರ್ ಆ ಮಾತು ಹೇಳಿದ ದಿನ ಬಸ್ಸಿನಲ್ಲಿ ಕಣ್ಣೀರು ಬಂತು, ಸಮಾಧಾನದಿಂದ.

ಇನ್ನು ನನ್ನ ಪಕ್ಕ ಕೂತು ಕೋಡ್ ರಿವ್ಯೂ ಮಾಡಿದ, ಅಂದರೆ ನಾನು ಬರೆದ ಕೋಡ್ ಓದಿ ಪರೀಕ್ಷಿಸಿದ ಹುಡುಗನ ಬಗ್ಗೆ. ವಯಸ್ಸಿನಲ್ಲಿ ನನ್ನ ತಮ್ಮನಿಗಿಂತ ಚಿಕ್ಕವರು. ತಪ್ಪು ಅಂತ ಒಂದು ದಿನವೂ ಬರೆಯಲಿಲ್ಲ. "ಅಕ್ಕಾ, ಈ ಪಟ್ಟಿ ಖಾಲಿ ಬಂದರೆ ಏನಾಗುತ್ತೆ?" ಅಂತ ಕೇಳುತ್ತಿದ್ದರು. ನಾನು ಯೋಚಿಸುವ ತನಕ ಸುಮ್ನೆ ಕಾಯುತ್ತಿದ್ದರು. ಅವರ ಸ್ವಂತ ಕೆಲಸ ಎಷ್ಟು ಹಿಂದೆ ಬಿತ್ತೋ!

ಆರನೇ ತಿಂಗಳು ಸ್ಟಾಕ್ ರಿಪೋರ್ಟ್‌ನಲ್ಲಿ ಒಂದು ಸಂಖ್ಯೆ ನನಗೆ ಸರಿ ಕಾಣಲಿಲ್ಲ. ಪ್ರೋಗ್ರಾಂ ಎಲ್ಲ ಟೆಸ್ಟ್‌ಗಳನ್ನೂ ಪಾಸ್ ಮಾಡಿತ್ತು. ಆದರೂ ಹುಡುಕಿದೆ. ಒಂದೇ ಲೋಡ್‌ನ ಮಾಲು ಎರಡು ಕಂತಿನಲ್ಲಿ ವಾಪಸ್ ಬಂದರೆ, ಟೇಬಲ್‌ಗಳನ್ನು ಜಾಯಿನ್ ಮಾಡುವಾಗ, ಅಂದರೆ ಲೋಡ್‌ಗಳ ಪಟ್ಟಿಗೆ ವಾಪಸಾತಿಗಳ ಪಟ್ಟಿಯನ್ನು ಜೋಡಿಸುವಾಗ, ಆ ಲೋಡ್‌ನ ಸಾಲು ಎರಡು ಸಲ ಬರುತ್ತಿತ್ತು. ಕೂಡಿದರೆ 100 ಪೆಟ್ಟಿಗೆ 200 ಆಗುತ್ತಿತ್ತು. ವಾಪಸಾತಿಗಳನ್ನು ಮೊದಲು ಕೂಡಿಸಿ, ಆಮೇಲೆ ಜಾಯಿನ್ ಮಾಡಿದೆ. ಸರಿಹೋಯಿತು. ಮಾಲು ಹಾಗೆ ತುಂಡು ತುಂಡಾಗಿ ವಾಪಸ್ ಬರುತ್ತದೆ ಅನ್ನೋದು ಗೋದಾಮಿನಲ್ಲಿ ನಿಂತವರಿಗೆ ಗೊತ್ತು, ಅಲ್ವಾ? ಆ ಹುಡುಗ ಮೀಟಿಂಗ್‌ನಲ್ಲಿ ಎದ್ದು ನಿಂತು, ಇದನ್ನು ಹಿಡಿದದ್ದು ಅಕ್ಕ ಅಂತ ಎಲ್ಲರೆದುರು ಹೇಳಿದರು. ನಾನು ಅದನ್ನು ಮರೆಯುವುದಿಲ್ಲ.

ಮನೆಯವರಿಗೆ ಬಾಯಲ್ಲೇ ಹೇಳಿದ್ದೇನೆ. ಆ ಎಂಟು ತಿಂಗಳು ಅಡುಗೆ ಮನೆ ನೋಡಿಕೊಂಡದ್ದು ನನ್ನ ಗಂಡ.

ಒಂಬತ್ತು ಜನರಲ್ಲಿ ಇಬ್ಬರು ನಡುವೆ ನಿಲ್ಲಿಸಿದರು. ಕೋಡ್ ಅವರಿಗೆ ಹಿಡಿಸಲಿಲ್ಲ. ಹಾಗಾದರೆ ಬೇರೆ ಕೆಲಸ ಕೊಡುತ್ತೇವೆ ಅಂತ ಕಂಪನಿಯವರು ಮೊದಲೇ ಬರೆದುಕೊಟ್ಟಿದ್ದರು, ಕೊಟ್ಟರು. ಆ ಭರವಸೆ ಇದ್ದದ್ದರಿಂದಲೇ ನಾವೆಲ್ಲ ಹೆದರದೆ ಸೇರಿದ್ದು. ನಿಲ್ಲಿಸಿದ ಆ ಇಬ್ಬರಲ್ಲಿ ಒಬ್ಬಳು ನನ್ನ ಹಳೆಯ ಗೆಳತಿ. ಈಗ ಮತ್ತೆ ಗೋದಾಮಿನಲ್ಲಿದ್ದಾಳೆ. ಸ್ಕ್ರೀನ್ ಮೇಲಿನ ಲೆಕ್ಕಕ್ಕೂ ಕಣ್ಣೆದುರಿನ ಮಾಲಿಗೂ ತಾಳೆ ಆಗದಿದ್ದರೆ ಮೊದಲ ಫೋನ್ ಅವಳದ್ದೇ. ಮೊನ್ನೆಯೂ ಮಾಡಿದ್ದಳು. ನೀನು ಹೇಳಿದ್ದು ಸರಿ ಇತ್ತು ಕಣೇ, ಇವತ್ತು ಬೆಳಿಗ್ಗೆ ಸರಿ ಮಾಡಿದೆ. ಥ್ಯಾಂಕ್ಸ್.